ಬೆಕ್ಕನ್ನು ಕೊನೆಯ ಮಹಡಿ ಹತ್ತಿಸಿದ್ದು

ನನ್ನ ಗಂಡನಿಗೆ ಒಂದು ಕನ್ನಡಕದ ಅಂಗಡಿ ಇದೆ. ಅದನ್ನು ನೆಟ್ಟಗೆ ನೋಡಿಕೊಂಡು ಇದ್ದಿದ್ದರೆ ನಾನು ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಐವತ್ತು ದಾಟಿದ ಮೇಲೆ ಈ ಮನುಷ್ಯನಿಗೆ ಇತಿಹಾಸಕಾರನಾಗುವ ಹುಚ್ಚು ಹತ್ತಿತು. ರಾಜರ ಇತಿಹಾಸವೋ ಯುದ್ಧದ ಇತಿಹಾಸವೋ ಆಗಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಿತ್ತು. ಇವರು ಹಿಡಿದದ್ದು ವಿಡಿಯೊ ಗೇಮ್ ಉದ್ಯಮದ ಇತಿಹಾಸ. “ನಮ್ಮ ಭಾಷೆಯಲ್ಲಿ ಇದರ ಮೇಲೆ ಒಂದು ಪುಸ್ತಕಾನೂ ಇಲ್ಲ ಕಣೇ” ಎಂದರು. “ಒಂಟೆ ಸಾಕೋದು ಹೇಗೆ ಅಂತಾನೂ ನಮ್ಮ ಭಾಷೆಯಲ್ಲಿ ಪುಸ್ತಕ ಇಲ್ಲ. ಹಾಗಂತ ಯಾರಾದ್ರೂ ಒಂಟೆ ತಂದು ಹಜಾರದಲ್ಲಿ ಕಟ್ಟಿದ್ದಾರಾ?” ಎಂದೆ. ಅವರು ಅದನ್ನೂ ಬರೆದುಕೊಂಡರು. ಆಗ ಅವರಿಗೆ ಯಾರು ಏನು ಹೇಳಿದರೂ ಬರೆದುಕೊಳ್ಳುವ ಚಟ.

ಸಂಶೋಧನೆ ನಡೆದದ್ದು ಅಂಗಡಿಯಲ್ಲೇ. ಕಣ್ಣು ತೋರಿಸಲು ಬಂದವರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಗದ್ದವನ್ನು ಸ್ಟ್ಯಾಂಡಿಗೆ ಒತ್ತಿಸಿ, ಅಲ್ಲಾಡಬಾರದು ಎಂದು ತಾಕೀತು ಮಾಡಿ, ಶುರು ಹಚ್ಚಿಕೊಳ್ಳುತ್ತಿದ್ದರು. “ಮೇಲಿನ ಸಾಲು ಕಾಣುತ್ತಾ? ಮೊದಲನೇ ಸಲ ಯಾವ ಗೇಮ್ ಆಡಿದ್ರಿ? ಈಗ ಎಡಗಣ್ಣು ಮುಚ್ಚಿ. ಅದರಲ್ಲಿ ಎಷ್ಟು ದೂರ ಹೋಗಿದ್ರಿ?” ಪಾಪ, ಗದ್ದ ಸಿಕ್ಕಿಸಿಕೊಂಡವರು ಎಲ್ಲಿಗೆ ಓಡಿಹೋದಾರು? ಕೆಲವರಿಗೆ ಚಿಕ್ಕಂದಿನ ನೆನಪಾಗಿ ಕಣ್ಣು ತುಂಬಿ ಬರುತ್ತಿತ್ತು. ಇವರು ಆ ತುಂಬಿದ ಕಣ್ಣಿಗೇ ನಂಬರು ಅಳೆದು ಕನ್ನಡಕ ಮಾಡಿ ಕೊಟ್ಟರು. ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಅಂಥ ಒಂದು ಕನ್ನಡಕ ಹಾಕಿಕೊಂಡು ಎದುರುಮನೆಯವರ ಕಾಗದವನ್ನೆಲ್ಲ ನಮ್ಮ ಮನೆಗೆ ಹಾಕಿ ಹೋಗುತ್ತಿದ್ದ. ಅದನ್ನು ದಾಟಿಸುವ ಕೆಲಸ ನನ್ನ ತಲೆಗೆ ಬಂತು.

ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಸುಮ್ಮನೆ ಅಲ್ಲ. ಮನೆಯೊಳಗೆ ಹಳೆಯ ಗೇಮ್ ಡಬ್ಬಿಗಳು ಬಂದು ಬೀಳತೊಡಗಿದವು. ಬಟ್ಟೆ ಕಪಾಟಿನಲ್ಲಿ ಡಬ್ಬಿ, ಅಕ್ಕಿ ಡ್ರಮ್ಮಿನ ಮೇಲೆ ಡಬ್ಬಿ, ಬಚ್ಚಲಿನ ಅಟ್ಟದ ತುಂಬ ವೈರು. ನಾನೋ ಪರದೆ ಹೊಲಿಯುವವಳು. ಗಿರಾಕಿಗಳ ಬಟ್ಟೆ ಹಜಾರದ ತುಂಬ ಹರಡಿರುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಬಿಳಿ. ಹಾಗಾಗಿ ನಮ್ಮ ಮನೆಗೆ ಯಾರೇ ಕಾಲಿಡಲಿ, ಕುಶಲ ಕೇಳುವ ಮುಂಚೆ ನನ್ನ ಬಾಯಿಂದ ಬರುವ ಮಾತು “ಮೊದಲು ಕೈ ತೊಳ್ಕೊ!” ದೊಡ್ಡವರಾದರೆ “ತೊಳ್ಕೊಳ್ಳಿ.” ನಮ್ಮಮ್ಮನೂ ಹೊಲಿಗೆಯವಳೇ, ಹಲ್ಲು ಬೀಳುವ ವಯಸ್ಸಿನಿಂದ ನನಗೆ ಈ ಅಭ್ಯಾಸ. ತೊಳೆದುಕೊಂಡು ಬಂದವರು ಅಂಗೈ ಹಿಂಗೈ ಎರಡೂ ತೋರಿಸಬೇಕು. “ನಿನ್ನ ಮನೇಲಿ ತೊಳೆದು ತೊಳೆದು ನನ್ನ ಕೈರೇಖೆನೇ ಅಳಿಸಿಹೋಗಿದೆ, ನನ್ನ ಆಯಸ್ಸು ಎಷ್ಟು ಅಂತ ಯಾರಿಗೂ ಹೇಳೋಕೆ ಬರಲ್ಲ” ಎಂದು ಅತ್ತೆ ಗೊಣಗುತ್ತಾರೆ. ಗೊಣಗಲಿ, ಬಟ್ಟೆಗೆ ಕಲೆ ಬಿದ್ದರೆ ಬೈಸಿಕೊಳ್ಳುವವಳು ನಾನು.

ಪುಸ್ತಕವನ್ನು ಯಾವ ಪ್ರಕಾಶಕರೂ ಮುಟ್ಟಲಿಲ್ಲ. ನಾವೇ ಅಚ್ಚು ಹಾಕಿಸೋಣ ಎಂದು ಇವರು ಹೊರಟರು. ಹಿಡಿದದ್ದು ಮದುವೆ ಕಾಗದ ಅಚ್ಚು ಹಾಕುವ ಒಬ್ಬ ಪ್ರೆಸ್ಸಿನವನನ್ನು. ಆ ಪುಣ್ಯಾತ್ಮನ ಕಂಪ್ಯೂಟರಿನಲ್ಲಿ ಖಾಲಿ ಪುಟ ಅನ್ನುವುದೇ ಇಲ್ಲ. ಯಾವುದೋ ಹಳೆಯ ಮದುವೆ ಕಾಗದ ತೆಗೆದು, ಅದರ ಅಕ್ಷರ ಅಳಿಸಿ, ಹೊಸದನ್ನು ತುಂಬುವುದು ಅವನ ಪದ್ಧತಿ. ಅಳಿಸುವಾಗ ಅಷ್ಟಿಷ್ಟು ಉಳಿದುಬಿಡುತ್ತದೆ. ಹಾಗಾಗಿ ಪ್ರತಿ ಅಧ್ಯಾಯದ ಕೊನೆಗೂ ಕೊಕ್ಕಿಗೆ ಕೊಕ್ಕು ತಾಗಿಸಿದ ಎರಡು ಪಾರಿವಾಳ. ಉದ್ಯಮವೇ ಕುಸಿದು ಬಿದ್ದು ಕಂಪನಿಗಳಿಗೆ ಬೀಗ ಬಿದ್ದ ಅಧ್ಯಾಯದ ಕೆಳಗೂ “ಬಂಧುಮಿತ್ರರ ಸಮೇತ ತಪ್ಪದೆ ಬರಬೇಕು” ಎಂದಿತ್ತು. ನಾನು ಪ್ರೂಫ್ ಓದುತ್ತಾ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಇವರು ಮಾತ್ರ ಮುಖ ಸಿಂಡರಿಸಿಕೊಂಡು ಪಾರಿವಾಳಗಳಿಗೆ ಕೆಂಪು ಗೀಟು ಹಾಕುತ್ತಾ ಕೂತಿದ್ದರು.

ನನ್ನ ನಗು ನಿಂತದ್ದು ಏಳನೇ ಅಧ್ಯಾಯದಲ್ಲಿ.

ಅದು ನಮ್ಮ ಊರಿನಲ್ಲೇ ತಯಾರಾದ ಒಂದೇ ಒಂದು ಗೇಮಿನ ಕಥೆ. ‘ಮೆಟ್ಟಿಲ ಬೆಕ್ಕು’ ಅಂತ. ಬಾಲ ಸೊಟ್ಟ ಇರುವ ಒಂದು ಬೆಕ್ಕು ಎತ್ತರದ ಕಟ್ಟಡವೊಂದರ ಮೆಟ್ಟಿಲು ಹತ್ತುತ್ತಾ ಹೋಗಬೇಕು. ಮೇಲಿನಿಂದ ಹೂಕುಂಡ ಬೀಳುತ್ತವೆ, ಕಿಟಕಿಯಿಂದ ನೀರು ಸುರಿಯುತ್ತಾರೆ, ಎರಡನೇ ಮಹಡಿಯಲ್ಲಿ ನಾಯಿ. ಕೊನೆಯ ಮಹಡಿಯಲ್ಲಿ ಮೀನಿದೆಯಂತೆ. ಅಲ್ಲಿಗೆ ಮುಟ್ಟಿದವರು ಯಾರೂ ಇಲ್ಲ, ಅಷ್ಟು ಕಷ್ಟ. ಒಂದು ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದ ಕಂಪನಿ ಅದನ್ನು ಮಾಡಿತ್ತು, ಮಾರಲಾಗದೆ ಮುಚ್ಚಿಯೂ ಹೋಗಿತ್ತು. ಆ ಕಂಪನಿಯ ಡೈರೆಕ್ಟರು ಈಗ ಊರಿನ ದೊಡ್ಡ ಮನುಷ್ಯ. ಯಾವ ಸಭೆಯಾದರೂ ಮುಂದಿನ ಸಾಲಿನಲ್ಲಿ ಅತ್ತರು ಪೂಸಿಕೊಂಡು ಕೂತಿರುತ್ತಾರೆ. ಅಧ್ಯಾಯದ ಮೊದಲ ಸಾಲೇ ಹೀಗಿತ್ತು: ‘ಮೆಟ್ಟಿಲ ಬೆಕ್ಕನ್ನು ಡೈರೆಕ್ಟರು ಒಬ್ಬರೇ ಕೂತು ರೂಪಿಸಿದರು.’

“ರೀ, ಏನ್ರೀ ಇದು?” ಎಂದೆ. “ಆ ಬೆಕ್ಕು ಮಾಡಿದ್ದು ನಮ್ಮ ಅಣ್ಣ.”

ನನಗೆ ಒಬ್ಬನೇ ಅಣ್ಣ. ಬಸ್ ನಿಲ್ದಾಣದ ಪಕ್ಕ ಒಂದು ಗೂಡಂಗಡಿಯಲ್ಲಿ ಕೂತು ಬೀಗದ ಕೈ ಮಾಡುತ್ತಾನೆ. ಮದುವೆ ಆಗಲಿಲ್ಲ, ಮಾತು ಕಡಿಮೆ, ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿಗೆ ಬರುತ್ತಾನೆ. ಪ್ರಾಯದಲ್ಲಿ ಆ ಬೇಕರಿ ಮೇಲಿನ ಕಂಪನಿಯಲ್ಲಿ ಕೆಲಸಕ್ಕಿದ್ದ. ಚೌಕಳಿ ಕಾಗದದಲ್ಲಿ ಬೆಕ್ಕು ಬಿಡಿಸಿ, ಒಂದೊಂದು ಚೌಕಕ್ಕೂ ಬಣ್ಣ ತುಂಬುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಲ ಸೊಟ್ಟ ಯಾಕೆಂದರೆ ನಮ್ಮ ಮನೆಯ ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿತ್ತು. ಕಂಪನಿ ಮುಚ್ಚಿದ ಮೇಲೆ ನೆಂಟರೆಲ್ಲ “ಚುಕ್ಕಿ ಬಿಡಿಸಿಕೊಂಡು ವಯಸ್ಸು ಕಳೆದ” ಎಂದು ಆಡಿಕೊಂಡರು. ಅವನು ಯಾರಿಗೂ ಎದುರು ಮಾತಾಡಲಿಲ್ಲ.

ನನ್ನ ಗಂಡ ಕನ್ನಡಕ ಹಣೆಗೆ ಏರಿಸಿದರು. “ಸಾಕ್ಷಿ?”

“ನಾನು ಹೇಳ್ತಿದ್ದೀನಲ್ಲ!”

“ನೀನು ತಂಗಿ. ತಂಗಿ ಹೇಳಿದ್ದು ಸಾಕ್ಷಿ ಆಗಲ್ಲ. ‘ನನ್ನ ಹೆಂಡತಿ ಬೈದದ್ದರಿಂದ’ ಅಂತ ಅಡಿಟಿಪ್ಪಣಿ ಹಾಕೋಕಾಗುತ್ತಾ?”

“ಆ ಡೈರೆಕ್ಟರು ಹೇಳಿದ್ದು ಮಾತ್ರ ಸಾಕ್ಷೀನಾ?”

“ಗೇಮಿನ ಮೇಲೆ ಅಂಟಿಸಿರೋ ಚೀಟಿಯಲ್ಲಿ ಅವರ ಹೆಸರು ಒಂದೇ ಇರೋದು. ನಾನು ನಿಮ್ಮಣ್ಣನ ವಿಷಯ ಕೇಳಿದೆ ಕಣೇ. ‘ಅವನಾ? ಟೀ ತರ್ತಿದ್ದ’ ಅಂದ್ರು.”

ನನಗೆ ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನ ಅಣ್ಣ ಬಂದು, ಕೈ ತೊಳೆದು, ಅಂಗೈ ಹಿಂಗೈ ತೋರಿಸಿ ಊಟಕ್ಕೆ ಕೂತ ಮೇಲೆ ಕೇಳಿದೆ. ಅವನು ನಿಧಾನಕ್ಕೆ ತುತ್ತು ನುಂಗಿ, “ತರ್ತಿದ್ದೆ. ಎಲ್ಲರೂ ತರ್ತಿದ್ರು. ನನ್ನ ಸರದಿ ಬುಧವಾರ” ಎಂದ. ಇವನನ್ನು ಕಟ್ಟಿಕೊಂಡು ಜಗಳಕ್ಕೆ ಹೋದರೆ ನಾವೇ ಸೋತು ಬರಬೇಕಾಗುತ್ತದೆ.

“ಬೆಕ್ಕು ಮಾಡಿದ್ದು ನೀನು ಹೌದೋ ಅಲ್ವೋ?”

“ಹೌದು.”

“ಅದನ್ನ ಬಾಯಿಬಿಟ್ಟು ಹೇಳೋಕೆ ನಿನಗೇನು ದಾಡಿ?”

“ಯಾರೂ ಕೇಳ್ಲಿಲ್ಲವಲ್ಲ ಪುಟ್ಟಿ” ಎಂದ.

ಆಗ ನನ್ನ ಗಂಡ ಪೆನ್ನು ತೆಗೆದು ಕೇಳಿದರು. ಇತಿಹಾಸಕಾರರ ಗತ್ತಿನಲ್ಲೇ ಕೇಳಿದರು. “ಭಾವ, ಕೊನೆ ಮಹಡಿಯಲ್ಲಿ ಏನಿದೆ? ಮಾಡಿದವರಿಗೆ ಗೊತ್ತಿರಲೇಬೇಕು.”

ಅಣ್ಣ ಅನ್ನ ಕಲಸುವುದನ್ನು ನಿಲ್ಲಿಸಿದ. ಆಮೇಲೆ, “ಒಂದು ಕುರ್ಚಿ. ಒಂದು ಕಾಲು ಮುರಿದಿದೆ. ಇಟ್ಟಿಗೆ ಒತ್ತುಕೊಟ್ಟಿದ್ದೆ. ಇನ್ನೂ ಏನೋ ಇತ್ತು” ಎಂದ. “ಆದರೆ ಡೈರೆಕ್ಟರು ಕೊನೇಲಿ ಎಲ್ಲಾ ನೋಡಿ ಬೇಡದ್ದನ್ನ ತೆಗೆಸ್ತೀನಿ ಅಂದಿದ್ರು. ತೆಗೆಸಿದ್ರೋ ಏನೋ.”

“ಇಷ್ಟು ವರ್ಷ ಆಡಿ ನೋಡ್ಲೇ ಇಲ್ವಾ ನೀನು?” ಎಂದೆ.

“ನನಗೆ ಮೂರನೇ ಮಹಡಿ ದಾಟೋಕೆ ಬರಲ್ಲ.”

“ನೀನೇ ಮಾಡಿದ್ದು ಕಣೋ!”

“ಚಪ್ಪಲಿ ಹೊಲಿಯೋನು ಎಲ್ಲಾ ಚಪ್ಪಲಿ ಹಾಕ್ಕೊಂಡು ಓಡ್ಬೇಕಾ?” ಎಂದ. ಆಮೇಲೆ ತಟ್ಟೆ ನೋಡುತ್ತಲೇ, “ಇದ್ರೆ ಇರ್ಲಿ. ಇಲ್ದಿದ್ರೆ, ಇಲ್ಲ ಅಂತ ಗೊತ್ತಾಗೋದು ಬೇಡ” ಎಂದು ಎದ್ದು ಹೋದ. ಅವನ ಬಾಳಿನಲ್ಲಿ ಅವನದು ಅಂತ ಇದ್ದದ್ದು ಅದೊಂದೇ, ಅದೂ ಇದೆಯೋ ಇಲ್ಲವೋ ಎಂದು ಹೆದರಿಕೊಂಡು ಇಷ್ಟು ಕಾಲ ಕೂತಿದ್ದ.

ನನ್ನ ಗಂಡ ಡೈರೆಕ್ಟರನ್ನೂ ಅದೇ ಪ್ರಶ್ನೆ ಕೇಳಿ ಬಂದರು. ಅವರು ಒಂದು ಕ್ಷಣವೂ ಮೀನಮೇಷ ಎಣಿಸದೆ, “ಚಿನ್ನದ ಸಿಂಹಾಸನ. ಅದರ ಮೇಲೆ ಕಿರೀಟ ಹಾಕಿದ ಮೀನು. ನಾನೇ ಬಿಡಿಸಿದ್ದು” ಎಂದರಂತೆ. ಸರಿ, ಯಾರು ಹೇಳಿದ್ದು ನಿಜವೋ ಅವರ ಹೆಸರು ಪುಸ್ತಕಕ್ಕೆ ಎಂದು ತೀರ್ಮಾನವಾಯಿತು. ಉಳಿದದ್ದು ಒಂದೇ ಪ್ರಶ್ನೆ, ಬೆಕ್ಕನ್ನು ಮೇಲೆ ಹತ್ತಿಸುವವರು ಯಾರು?

ಗೇಮಿನ ಕ್ಯಾಸೆಟ್ ಊರಿಗೆಲ್ಲ ಒಂದೇ ಉಳಿದಿತ್ತು. ಅದೇ ಬೇಕರಿಯವರು ಅದನ್ನು ಗಾಜಿನ ಕಪಾಟು ಅಲ್ಲಾಡದಿರಲಿ ಎಂದು ಅದರ ಕಾಲಿನ ಕೆಳಗೆ ಒತ್ತುಕೊಟ್ಟಿದ್ದರು. ನನ್ನ ಗಂಡ ಅದರ ಬದಲಿಗೆ ಒಂದು ಕನ್ನಡಕದ ಪೆಟ್ಟಿಗೆ ತುರುಕಿ ತಂದರು. ಬನ್ನಿನ ವಾಸನೆ ಹೊಡೆಯುತ್ತಿತ್ತು. ಡಬ್ಬಿಗೆ ಚುಚ್ಚಿದರೆ ಟಿವಿಯಲ್ಲಿ ಬರೀ ಗೆರೆ. ತೆಗೆದು ಅದರ ಬಾಯಿಗೆ ಊದಬೇಕು, ಮತ್ತೆ ಚುಚ್ಚಬೇಕು. ಇವರು ಊದಿದರು, ನಾನು ಊದಿದೆ, ಆಗಲಿಲ್ಲ. ಒಳಗಿಂದ ಅತ್ತೆ ಬಂದು “ಕೊಡಿಲ್ಲಿ, ಒಂದು ಒಲೆ ಊದಿ ಗೊತ್ತಿಲ್ಲ ನಿಮಗೆ” ಎಂದು ಒಂದೇ ಸಲ ಊದಿದರು. ಬನ್ನಿನ ಚೂರು ಹಾರಿ ನನ್ನ ಪರದೆ ಬಟ್ಟೆಯ ಮೇಲೆ ಬಿತ್ತು. ಬೆಕ್ಕು ಬಂತು.

ನನ್ನ ಗಂಡನ ಬೆಕ್ಕು ಮೊದಲ ಮಹಡಿಯ ಹೂಕುಂಡಕ್ಕೆ ಸಿಕ್ಕಿ ಸತ್ತಿತು. ಮತ್ತೆ ಸತ್ತಿತು. “ಬಟನ್ ಸರಿ ಇಲ್ಲ” ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಬೆಕ್ಕು ನಾಯಿಯ ಹತ್ತಿರ ಹೋದಾಗ ನಾನು ನಾಯಿಗೆ ಬೈಯುತ್ತಾ ಆಡುವುದನ್ನೇ ಮರೆತೆ. ಆ ನಾಯಿ ನನಗೆ ಗೊತ್ತು. ನಾನು ಚಿಕ್ಕವಳಿದ್ದಾಗ ನಾವಿದ್ದ ಕಟ್ಟಡದ ಎರಡನೇ ಮಹಡಿಯಲ್ಲಿ ಅಂಥದೇ ಒಂದು ಕರಿ ನಾಯಿ, ಒಂದು ಕಿವಿ ಬಿಳಿ. “ನೋಡ್ರೀ, ಇದೇ ಸಾಕ್ಷಿ!” ಎಂದು ಕುಣಿದೆ. “ನಾಯಿ ಎಲ್ಲಾ ಕಡೆ ಇರುತ್ತೆ” ಎಂದರು ಇತಿಹಾಸಕಾರರು.

“ಸರಿ ಆಕಡೆ” ಎಂದು ಅತ್ತೆ ಕೂತರು. ಹಲ್ಲಿಲ್ಲದ ಬಾಯನ್ನು ಒತ್ತಿ ಹಿಡಿದು, ಕಣ್ಣು ಕಿರಿದು ಮಾಡಿ, ಬಟನ್ ಒತ್ತಿದರು. ಜೀವಮಾನವಿಡೀ ಸ್ವೆಟರ್ ಹೆಣೆದ ಕೈ ಅದು. ಹೂಕುಂಡ ತಪ್ಪಿಸಿದರು, ನೀರು ತಪ್ಪಿಸಿದರು, ನಾಯಿಯ ತಲೆಯ ಮೇಲೆ ಕಾಲಿಟ್ಟು ದಾಟಿದರು. “ಎರಡು ಒಳಗೆ, ಒಂದು ಹೊರಗೆ, ಒಂದು ಬಿಡು. ಹೆಣಿಗೆ ಥರಾನೇ ಐತಲ್ಲೋ ಇದು!” ಎಂದರು. ನನ್ನ ಗಂಡ ಬಾಯಿ ತೆರೆದದ್ದು ಮುಚ್ಚಲಿಲ್ಲ.

ಅಲ್ಲಿಂದ ನಮ್ಮ ಮನೆಯ ಗ್ರಹಚಾರ ಕೆಟ್ಟಿತು. ಆ ಕ್ಯಾಸೆಟ್ಟಿಗೆ ನೆನಪು ಅನ್ನುವುದೇ ಇಲ್ಲ. ಒಮ್ಮೆ ಕರೆಂಟು ಆರಿಸಿದರೆ ಬೆಕ್ಕು ಮತ್ತೆ ನೆಲದಿಂದ ಹತ್ತಬೇಕು. ನಿಲ್ಲಿಸಿ ಇಡಬಹುದು, ಆರಿಸುವಂತಿಲ್ಲ. ಸ್ವಿಚ್ಚಿನ ಮೇಲೆ ‘ಮುಟ್ಟಿದರೆ ಕೈ ಮುರಿಯುತ್ತೇನೆ’ ಎಂದು ಬರೆದು ಅಂಟಿಸಿದ್ದಾಯಿತು. ಡಬ್ಬಿ ಕಾದು ಕೆಂಡವಾಗುತ್ತಿತ್ತೆಂದು ಮನೆಗಿದ್ದ ಒಂದೇ ಫ್ಯಾನನ್ನು ಅದಕ್ಕೆ ತಿರುಗಿಸಿ, ನಾವು ಪುಸ್ತಕದ ಪ್ರೂಫಿನಿಂದ ಗಾಳಿ ಬೀಸಿಕೊಂಡೆವು. ಇಸ್ತ್ರಿ ಪೆಟ್ಟಿಗೆ ಹಾಕಿದರೆ ಫ್ಯೂಸ್ ಹೋದೀತೆಂದು ಇಸ್ತ್ರಿ ಬಂದ್. ನನ್ನ ಗಂಡ ಸುಕ್ಕು ಅಂಗಿಯಲ್ಲೇ ಅಂಗಡಿಗೆ ಹೋದರು. ನನ್ನ ಹೊಲಿಗೆ ಮಿಷನ್ನಿನ ಮೋಟಾರೂ ಬಂದ್, ನಾನು ಕಾಲಲ್ಲಿ ತುಳಿದು ಹೊಲಿದೆ. ಬೆಕ್ಕಿಗೆ ಚೆಲ್ಲಾಟ, ನನಗೆ ಪ್ರಾಣಸಂಕಟ. ಆದರೂ ತುಟಿಪಿಟಕ್ಕೆನ್ನಲಿಲ್ಲ. ಏಳನೇ ಅಧ್ಯಾಯದಲ್ಲಿ ಅಣ್ಣನ ಹೆಸರು ಬರಬೇಕು, ಅಷ್ಟೇ.

ಅತ್ತೆ ಮಾತ್ರ ಮಹಾರಾಣಿ. ಊಟ ಅವರು ಕೂತಲ್ಲಿಗೇ. ಕಾಲು ಒತ್ತಲು ಮಗ. ನಿಲ್ಲಿಸಿ ಎದ್ದು ಹೋಗುವಾಗ ಟಿವಿಗೆ ಬೆರಳು ತೋರಿಸಿ, “ಅಲ್ಲಾಡ್ಬೇಡ, ಬಂದೆ” ಎಂದು ಬೆಕ್ಕಿಗೆ ಹೇಳಿ ಹೋಗುತ್ತಿದ್ದರು. ಅಣ್ಣ ಊಟಕ್ಕೆ ಬಂದರೆ ಟಿವಿಗೆ ಬೆನ್ನು ಹಾಕಿ ಕೂರುತ್ತಿದ್ದ. “ಎಷ್ಟನೇದು?” ಎಂದು ಕೂಡ ಕೇಳುತ್ತಿರಲಿಲ್ಲ. ಆದರೆ ಒಂದು ದಿನ ಅವನ ತಟ್ಟೆ ಎತ್ತುವಾಗ ನೋಡುತ್ತೇನೆ, ಅನ್ನ ಹಾಗೇ ಇತ್ತು.

ಪ್ರೆಸ್ಸಿನವನು ಶುಕ್ರವಾರದೊಳಗೆ ಏಳನೇ ಅಧ್ಯಾಯ ಕೊಡದಿದ್ದರೆ ಮದುವೆ ಸೀಸನ್ ಶುರುವಾಗುತ್ತದೆ, ಆಮೇಲೆ ಕೇಳಬೇಡಿ ಎಂದ. ಶುಕ್ರವಾರ ಮಧ್ಯಾಹ್ನ ಬೆಕ್ಕು ಕೊನೆಯ ಮೆಟ್ಟಿಲ ಸಾಲಿಗೆ ಬಂತು. ಉಳಿದದ್ದು ಒಂದೇ ಜೀವ. ಅದೇ ಹೊತ್ತಿಗೆ ತಮ್ಮ ಅಧ್ಯಾಯದ ಪ್ರೂಫ್ ನೋಡಲು ಡೈರೆಕ್ಟರು ಖುದ್ದಾಗಿ ಬಂದರು. ಅತ್ತರಿನ ವಾಸನೆ ಅವರಿಗಿಂತ ಮುಂಚೆ ಒಳಗೆ ಬಂತು. ಬಂದವರೇ ಕುರ್ಚಿಯಲ್ಲಿ ಕೂತು ಜ್ಯಾಮ್ ಬಿಸ್ಕತ್ತು ಕೈಗೆತ್ತಿಕೊಂಡರು.

“ಮೊದಲು ಕೈ ತೊಳ್ಕೊಳ್ಳಿ” ಎಂದೆ.

“ಏನಮ್ಮಾ?”

“ಬಿಳಿ ಬಟ್ಟೆ ಇದೆ ಸಾರ್. ಎಲ್ಲರೂ ತೊಳ್ಕೋಬೇಕು. ಅತ್ತೆ, ನೀವೂ ಈಗ ತಾನೆ ಬಿಸ್ಕತ್ತು ತಿಂದ್ರಿ, ನಡೀರಿ.”

ನನ್ನ ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು. ಅತ್ತೆ ಗೊಣಗುತ್ತಾ ಹೋಗಿ ತೊಳೆದು, ಒರೆಸಿಕೊಳ್ಳದೆ ಹಾಗೇ ಬಂದು ಆಟ ಶುರು ಮಾಡಿದರು. ಎರಡು ಜಿಗಿತ ಆಯಿತು. ಮೂರನೆಯದಕ್ಕೆ ಒದ್ದೆ ಬೆರಳು ಬಟನ್ನಿನ ಮೇಲೆ ಸರ್‍ರನೆ ಜಾರಿತು. ಬೆಕ್ಕು ಅಂಚು ತಪ್ಪಿ ಕೆಳಗೆ ಬಿತ್ತು.

“ಅಯ್ಯೋ!” ಎಂದು ಕಿರುಚಿದವಳು ನಾನು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡೆ. ಆದರೆ ಸೊಟ್ಟ ಬಾಲ ಕಿಟಕಿಯ ಬಟ್ಟೆ ಹಗ್ಗಕ್ಕೆ ಸಿಕ್ಕಿಕೊಂಡು ಬೆಕ್ಕು ತಲೆಕೆಳಗಾಗಿ ಜೋತಾಡುತ್ತಿತ್ತು. ಯಾರ ಬೆಕ್ಕೂ ಆ ಹಗ್ಗದವರೆಗೆ ಹೋಗಿರಲಿಲ್ಲವಾದ್ದರಿಂದ ಬಾಲಕ್ಕೆ ಆ ಕೆಲಸವಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಬಾಗಿಲಲ್ಲಿ ಅಣ್ಣನ ದನಿ ಕೇಳಿಸಿತು. “ಮೇಲಿನ ಬಟನ್, ಅತ್ತೆಮ್ಮ. ಮೆಲ್ಲಗೆ.” ಅವನು ಯಾವಾಗ ಬಂದನೋ, ಈಗ ಟಿವಿಯ ಕಡೆಗೇ ನೋಡುತ್ತಿದ್ದ.

ಅತ್ತೆ ಎರಡೂ ಕೈಯನ್ನು ನಾನು ಆಗ ತಾನೆ ಹೊಲಿದು ಮುಗಿಸಿದ್ದ ಬಿಳಿ ಪರದೆಗೆ ಚೆನ್ನಾಗಿ ಉಜ್ಜಿ ಒರೆಸಿದರು. ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ. ನಾನು ಸುಮ್ಮನಿದ್ದದ್ದನ್ನು ಕಂಡು ನನ್ನ ಗಂಡ ಹೆದರಿ ನನ್ನ ಹಣೆ ಮುಟ್ಟಿ ನೋಡಿದರು. ಬೆಕ್ಕು ಹಗ್ಗ ಹಿಡಿದು ಮೇಲೆ ಬಂತು, ಜಿಗಿಯಿತು, ಬಾಗಿಲು ತೆರೆಯಿತು.

ಸಿಂಹಾಸನ ಇರಲಿಲ್ಲ. ಒಂದು ಸಣ್ಣ ಕೋಣೆ. ಮೂಲೆಯಲ್ಲಿ ಕೈ ತೊಳೆಯುವ ತೊಟ್ಟಿ, ಇನ್ನೊಂದು ಮೂಲೆಯಲ್ಲಿ ಹೊಲಿಗೆ ಮಿಷನ್. ಮುರುಕು ಕಾಲಿನ ಕುರ್ಚಿ, ಕಾಲಿನಡಿಗೆ ಕೆಂಪು ಇಟ್ಟಿಗೆ, ಕುರ್ಚಿಯ ಮೇಲೆ ತಟ್ಟೆಯಲ್ಲಿ ಒಂದು ಮೀನು. ಬಾಗಿಲಿಗೆ ಅಡ್ಡವಾಗಿ ಒಬ್ಬಳು ಪುಟ್ಟ ಹುಡುಗಿ ನಿಂತಿದ್ದಳು. ಎರಡು ಜಡೆ, ಒಂದು ಮೇಲೆ, ಒಂದು ಕೆಳಗೆ. ಮುಂದಿನ ಹಲ್ಲು ಎರಡಿಲ್ಲ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯ ಬೆರಳು ಬೆಕ್ಕಿನ ಕಡೆಗೆ. ಆ ಡಬ್ಬಿಗೆ ನಮ್ಮ ಅಕ್ಷರ ಬರುವುದಿಲ್ಲವೆಂದು ಒಂದೊಂದೇ ಚುಕ್ಕಿ ಇಟ್ಟು ಬಿಡಿಸಿದ ಸೊಟ್ಟಪಟ್ಟ ಮಾತು ಅವಳ ತಲೆಯ ಮೇಲೆ ಮೂಡಿತು.

‘ಮೊದಲು ಕೈ ತೊಳ್ಕೊ!’

ಡೈರೆಕ್ಟರು ಗಂಟಲು ಸರಿಮಾಡಿಕೊಂಡು, “ಹಾಂ... ಸಿಂಹಾಸನ ಆಮೇಲೆ ತೆಗೆಸಿದೆ. ಈ ಮಗು... ನಮ್ಮ ಅಕ್ಕನ ಮಗಳು” ಎಂದು ಬಿಸ್ಕತ್ತಿಗೆ ಕೈ ಹಾಕಿದರು. ಜ್ಯಾಮ್ ಮೆತ್ತಿದ ಆ ಬೆರಳು ನನ್ನ ಪರದೆಯ ಕಡೆ ಹೋಗುವುದನ್ನು ಕಂಡು ನಾನು ಸೊಂಟದ ಮೇಲೆ ಕೈಯಿಟ್ಟು, ಬೆರಳು ತೋರಿಸಿ, “ಮೊದಲು ಕೈ ತೊಳ್ಕೊಳ್ಳಿ ಅಂದ್ನಲ್ಲ!” ಎಂದೆ.

ಅತ್ತೆ ಟಿವಿ ನೋಡಿದರು. ನನ್ನನ್ನು ನೋಡಿದರು. ಮತ್ತೆ ಟಿವಿ ನೋಡಿದರು. “ಏನೇ! ಇದು ನೀನೇ ಕಣೇ! ಅವತ್ತಿಂದ ಇದೇ ಕಾಟಾನಾ ನಿಂದು?”

ನನ್ನ ಗಂಡ ಪೆನ್ನಿನ ಮುಚ್ಚಳ ತೆಗೆದರು. ಡೈರೆಕ್ಟರ ಮುಖ ನೋಡಿ, ಬಹಳ ಮರ್ಯಾದೆಯಿಂದ, “ಸಾರ್, ನಿಮ್ಮ ಅಕ್ಕನ ಮಗಳು ನಮ್ಮ ಮನೇಲೇ ಇದ್ದಾರೆ. ಬೇಕಾದ್ರೆ ಮಾತಾಡಿಸಿ” ಎಂದರು. ಡೈರೆಕ್ಟರಿಗೆ ಯಾವುದೋ ಸಭೆ ನೆನಪಾಯಿತು. ಬಿಸ್ಕತ್ತನ್ನು ಜೇಬಿಗೆ ಹಾಕಿಕೊಂಡು ಹೋದರು. ಅವರು ಆ ಗೇಮನ್ನೆಲ್ಲಾ ನೋಡಿ ಬೇಡದ್ದನ್ನು ತೆಗೆಸುತ್ತೇನೆ ಅಂದದ್ದು ಬರೀ ಬುರುಡೆ. ಅವರ ಬೆಕ್ಕು ಮೊದಲ ಹೂಕುಂಡದಲ್ಲೇ ಸತ್ತಿರಬೇಕು.

ಆಟ ಇನ್ನೂ ಮುಗಿದಿರಲಿಲ್ಲ. ಅತ್ತೆ ಬೆಕ್ಕನ್ನು ಮೀನಿನ ಕಡೆ ನಡೆಸಿದರೆ ಹುಡುಗಿ ಅಡ್ಡ ಬರುತ್ತಾಳೆ. “ಇಷ್ಟು ಹತ್ತಿ ಬಂದ ಮೇಲೂನಾ!” ಎಂದು ಶಪಿಸುತ್ತಾ ಅತ್ತೆ ಬೆಕ್ಕನ್ನು ತೊಟ್ಟಿಗೆ ಕರೆದೊಯ್ದು ಪಂಜ ತೊಳೆಸಿದರು. ಆಗ ಹುಡುಗಿ ದಾರಿ ಬಿಟ್ಟಳು.

ನಾನು ಅಣ್ಣನ ಹತ್ತಿರ ಹೋದೆ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದ. “ಇದೆ ಪುಟ್ಟಿ, ಹಾಗೇ ಇದೆ” ಎಂದ.

“ನಿನ್ನ ಹೆಸರು ಹಾಕ್ಕೊಳ್ಳೋದು ಬಿಟ್ಟು ಇದೇನೋ ಮಾಡಿಟ್ಟಿದ್ದೀಯ?”

“ಹೆಸರು ಹಾಕಂಗಿಲ್ಲ ಅಂದಿದ್ರು. ಮುಖ ಹಾಕಂಗಿಲ್ಲ ಅಂತ ಯಾರೂ ಹೇಳಿರ್ಲಿಲ್ಲ.”

“ಹಾಗಾದ್ರೆ ನಿನ್ನ ಮುಖ ಹಾಕ್ಬೇಕಿತ್ತು. ನಂದ್ಯಾಕೆ?”

“ಕೆಲಸ ಮುಗಿಸಿ ಅಷ್ಟು ಮೆಟ್ಟಿಲು ಹತ್ತಿ ಬಂದ್ರೆ ಬಾಗಿಲಲ್ಲಿ ಇರ್ತಿದ್ದದ್ದು ನೀನೊಬ್ಬಳೇ ಅಲ್ವಾ” ಎಂದ. ನಾನು ಜಗಳಗಂಟಿ ಎಂದು ಬೀದಿಗೆಲ್ಲ ಗೊತ್ತು. ಅವತ್ತು ನಡುಮನೆಯಲ್ಲಿ ನಿಂತು ಹೋ ಎಂದು ಅತ್ತುಬಿಟ್ಟೆ.

ಸಭಾಂಗಣ ಕೊಡಿಸುತ್ತೇನೆ ಎಂದಿದ್ದ ಡೈರೆಕ್ಟರು ಆಮೇಲೆ ಫೋನ್ ಎತ್ತಲಿಲ್ಲ. ಪುಸ್ತಕದ ಬಿಡುಗಡೆಯನ್ನು ಆ ಬೇಕರಿಯಲ್ಲೇ ಇಟ್ಟುಕೊಂಡೆವು. ಮುಖ್ಯ ಅತಿಥಿ ಅತ್ತೆ. ತಪ್ಪು ನಂಬರಿನ ಕನ್ನಡಕದವರೆಲ್ಲ ಬಂದಿದ್ದರು, ಕೆಲವರು ಪಕ್ಕದ ಅಂಗಡಿಗೆ ಹೋಗಿ ವಾಪಸ್ಸು ಬಂದರು. ಏಳನೇ ಅಧ್ಯಾಯದ ಮೊದಲ ಸಾಲಿನಲ್ಲಿ ಅಣ್ಣನ ಹೆಸರಿತ್ತು. ಕೊನೆಯಲ್ಲಿ ಪಾರಿವಾಳಗಳೂ, ‘ಬಂಧುಮಿತ್ರರ ಸಮೇತ ತಪ್ಪದೆ ಬರಬೇಕು’ ಎಂಬ ಸಾಲೂ ಉಳಿದುಕೊಂಡಿದ್ದವು. ಅದೊಂದು ಅಧ್ಯಾಯದಲ್ಲಿ ಇರಲಿ ಬಿಡಿ ಎಂದು ನಾನೇ ಪ್ರೆಸ್ಸಿನವನಿಗೆ ಹೇಳಿದ್ದೆ.

ಅಣ್ಣ ತಡವಾಗಿ ಬಂದ. ಯಾರದೋ ಮನೆ ಬೀಗ ತೆಗೆದು ನೇರ ಬಂದಿದ್ದ, ಕೈಯೆಲ್ಲ ಎಣ್ಣೆ, ಅರದ ಪುಡಿ. ಮೊದಲ ಪ್ರತಿ ಅವನಿಗೆ ಎಂದು ನನ್ನ ಗಂಡ ನನ್ನ ಕೈ‌ಗೆ ಕೊಟ್ಟಿದ್ದರು. ಹೊದಿಕೆ ಹಾಲಿನಷ್ಟು ಬಿಳಿ, ನಡುವೆ ಸೊಟ್ಟ ಬಾಲದ ಬೆಕ್ಕು. ನಾನು ಪುಸ್ತಕ ಮುಂದೆ ಚಾಚಿದೆ. ಅವನು ಕೈ ಚಾಚಿದ. ಅವತ್ತು ಮಾತ್ರ ‘ಮೊದಲು ಕೈ ತೊಳ್ಕೊ’ ಎಂದು ನಾನು ಹೇಳಲಿಲ್ಲ.

ಅವನು ತನ್ನ ಕೈ ನೋಡಿಕೊಂಡ. ಪುಸ್ತಕ ಮುಟ್ಟದೆ, ಬೇಕರಿಯ ಹಿಂದಿನ ನಲ್ಲಿಗೆ ಹೋದ. ಜನರೆಲ್ಲ ಕಾಯುತ್ತಾ ನಿಂತರು. ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದು, ಅಂಗಿಗೆ ಒರೆಸಿಕೊಂಡು ಬಂದು, ನನ್ನ ಮುಂದೆ ಎರಡೂ ಕೈ ಹಿಡಿದ. ಅಂಗೈ ತೋರಿಸಿದ, ತಿರುಗಿಸಿ ಹಿಂಗೈ ತೋರಿಸಿದ. ಎಡಗೈ ಹೆಬ್ಬೆರಳ ಸಂದಿಯಲ್ಲಿ ಕಪ್ಪು ಇನ್ನೂ ಉಳಿದಿತ್ತು. ಇರಲಿ ಎಂದು ಬಿಟ್ಟೆ.